ಪುಷ್ಪಕ್ಕ ಆರಿಸಿದ ಹೆಸರು

ಅಮ್ಮ,

ನೀನು ತೀರಿಕೊಂಡ ಮೇಲೆ ನಿನ್ನೆ ಮೊದಲ ಸಲ ಹಂಗಾರಕಟ್ಟೆಗೆ ಬಂದೆ. ಬಂದದ್ದು ಪಿಎಚ್‌ಡಿ ಕೆಲಸಕ್ಕೆ. ಶಾಲೆ ಬಿಟ್ಟು ಮೀನು ಮಾರಲು ಹೋದ ಹೆಂಗಸರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಇಂಗ್ಲೆಂಡಿನ ನನ್ನ ವಿಶ್ವವಿದ್ಯಾಲಯಕ್ಕೆ ಬರೆದುಕೊಡಬೇಕು. ಸಾಮಾಜಿಕ ನ್ಯಾಯ ಎಂಬ ದೊಡ್ಡ ಹೆಸರಿನ ವಿಭಾಗ ನಮ್ಮದು.

ಮೊದಲು ಸಿಕ್ಕಿದ್ದು ನಿನ್ನ ಜೊತೆ ಮೀನಿನ ಬುಟ್ಟಿ ಹೊರುತ್ತಿದ್ದ ಪುಷ್ಪಕ್ಕ. ಬಂಗುಡೆ ಕೊಯ್ಯುತ್ತಲೇ ಎಲ್ಲ ಹೇಳಿದಳು. ಟೀಚರಾಗುವ ಆಸೆಯಿತ್ತಂತೆ. ತಮ್ಮ ಹುಟ್ಟಿದ; ಅವನನ್ನು ನೋಡಿಕೊಳ್ಳಲು ಇವಳನ್ನು ಐದನೇ ಕ್ಲಾಸಿಗೇ ಬಿಡಿಸಿದರಂತೆ.

ಪ್ರಬಂಧದಲ್ಲಿ ಯಾರ ನಿಜ ಹೆಸರನ್ನೂ ಹಾಕುವಂತಿಲ್ಲ. ಬೇರೆ ಹೆಸರು ನೀನೇ ಆರಿಸು ಎಂದು ಪುಷ್ಪಕ್ಕನಿಗೆ ಹೇಳಿದೆ. ಅವಳ ಕೈ ನಿಂತಿತು.

“ಹಂಗಾರೆ ನಿನ್ನಬ್ಬಿ ಹೆಸ್ರೇ ಹಾಕ್. ಗುಲಾಬಿ ಅಂತ. ಅವ್ಳಿಗೂ ಹೇಳುಕೆ ಸುಮಾರ್ ಇದ್ದಿತ್ ಮಗಾ.”

“ಎಂತ ಇದ್ದಿತ್?”

“ನಂಗೆಂತ ಗೊತ್ತ್? ನಿನ್ನತ್ರ ಹೇಳ್ಲಿಲ್ಯಾ?”

ನಾನು ರೆಕಾರ್ಡರ್ ಆಫ್ ಮಾಡಿದೆ. ಅವಳು ಮತ್ತೆ ಮೀನು ಕೊಯ್ಯತೊಡಗಿದಳು.

ಮನೆಗೆ ಬಂದು ಅವಳು ಹೇಳಿದಂತೆಯೇ ನಿನ್ನ ಹೆಸರು ಹಾಕಿ ಬರೆದಿಟ್ಟೆ: ಗುಲಾಬಿಗೆ ಟೀಚರಾಗುವ ಆಸೆಯಿತ್ತು.

ಅದು ಪುಷ್ಪಕ್ಕನ ಆಸೆ. ನಿನಗೆ ಎಂತ ಆಗುವ ಆಸೆಯಿತ್ತಮ್ಮ?