ಊರೆಲ್ಲ ಸುತ್ತಿದ ಮುಲಾಮು

ಕಂದಾವು ದ್ವೀಪ, ಫಿಜಿ,
12 ಆಗಸ್ಟ್ 1994

ಪ್ರೀತಿಯ ತೋರಿಕಾ,

ನಾನು ಚೆನ್ನಾಗಿದ್ದೇನೆ, ಹಂದಿಗಳು ನನಗಿಂತ ಚೆನ್ನಾಗಿವೆ. ಉತ್ತರ ತಡವಾಯಿತೆಂದು ಬೈಯಬೇಡ. ಪೆನ್ನನ್ನು ಪಾದ್ರಿಗಳು ಕೇಳಿ ಒಯ್ದಿದ್ದರು. ನಿನ್ನೆ ವಾಪಸ್ ಬಂತು, ಮುಚ್ಚಳ ಇನ್ನೂ ಬಂದಿಲ್ಲ.

ಸುವಾದಲ್ಲಿ ಬಾಣಂತಿ ಮಗಳು ಲಾವೇನಿಯಾ ಹೇಗಿದ್ದಾಳೆ? ಮಗು ಥೇಟ್ ನನ್ನ ಹಾಗೇ ಇದೆ ಎಂದು ಬರೆದಿದ್ದೀಯ. ಹಲ್ಲಿಲ್ಲ, ಕೂದಲಿಲ್ಲ, ಹೊತ್ತುಗೊತ್ತಿಲ್ಲದೆ ಕಿರುಚುತ್ತದೆ ಎಂದರೆ ಇನ್ಯಾರ ಹಾಗಿರಬೇಕು? ಆದರೆ ನಿನ್ನ ಕೊನೆಯ ಸಾಲು ಓದಿ ಮೈ ಉರಿಯಿತು: "ನಿಮ್ಮ ಹುಳುಕಡ್ಡಿ ಪೂರ್ತಿ ವಾಸಿಯಾಗೋವರೆಗೂ ಮಗೂನ ಊರಿಗೆ ಕರ್ಕೊಂಡು ಬರಲ್ಲ." ನೀನು ನನಗೆ ತೊಡಿಸಿದ್ದು ಒಂದೇ ಉಂಗುರ. ಈ ಹುಳುಕಡ್ಡಿ ನನ್ನ ಹೊಟ್ಟೆಯ ಮೇಲೆ ಉಂಗುರದ ಅಂಗಡಿಯನ್ನೇ ತೆರೆದರೆ ನಾನೇನು ಮಾಡಲಿ?

ನರ್ಸ್ ಮಾಕೆರೇಟಾ ಕ್ಲೋಟ್ರಿಮಜೋಲ್ ಮುಲಾಮು ಕೊಟ್ಟಿದ್ದಳು. "ತಾತ, ಕೆರೆತ ನಿಂತ್ಮೇಲೂ ಹಚ್ತಾ ಇರ್ಬೇಕು. ಕಲೆ ಹೋಯ್ತು ಅಂತ ಬಿಡೋ ಹಾಗಿಲ್ಲ" ಎಂದಿದ್ದಳು. ಹೆಸರಿನೊಳಗೇ 'ಮಜ' ಇದೆಯಲ್ಲ ಎಂದು ಖುಷಿಯಿಂದ ತಂದೆ. ನಮ್ಮೂರಿನ ಕೆರೆಕೆರೆ ಪದ್ಧತಿ ನಿನಗೆ ಗೊತ್ತಲ್ಲ, ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಮೊದಲು ಪಾದ್ರಿಗಳು ಕಾಲ್ಬೆರಳ ಸಂದಿಗೆ ಬೇಕೆಂದರು. ಅವರಿಂದ ಚರ್ಚಿನಲ್ಲಿ ಹಾಡುವವರಿಗೆ, ಅಲ್ಲಿಂದ ನಮ್ಮ ತೋಮಾಸಿ ಬಾವನಿಗೆ. ಎಲ್ಲರೂ ಕೆರೆತ ನಿಲ್ಲುವ ತನಕ ಹಚ್ಚಿದರು, ನಿಂತ ಕೂಡಲೇ ಪಕ್ಕದವರಿಗೆ ದಾಟಿಸಿದರು. ದಾಟಿಸಿದ ಮೇಲೆ ಇವರಿಗೆ ಮತ್ತೆ ಶುರು. ಟ್ಯೂಬ್ ಒಣಮೀನಿನಂತೆ ಚಪ್ಪಟೆಯಾಗಿ ಮನೆಗೆ ಬಂತು. ಕೆರೆಕೆರೆ ಮಾಡಿದ ಊರು ಈಗ ಕೆರೆಯುತ್ತ ಕೂತಿದೆ. ಪ್ರಾರ್ಥನೆಯಲ್ಲಿ ಎರಡೂ ಕೈ ಜೋಡಿಸಿದವರು ಒಬ್ಬರೂ ಇಲ್ಲ, ಒಂದು ಕೈ ಸೊಂಟಕ್ಕೆ ಸುತ್ತಿದ ಸುಲು ಪಂಚೆಯೊಳಗೇ.

ಸಿಟ್ಟಿಗೆ ನಾನು ಖಾಲಿ ಟ್ಯೂಬಿಗೆ ಸಿಹಿ ಡಬ್ಬಿಹಾಲು ತುಂಬಿ ತೋಮಾಸಿಗೆ ಕೊಟ್ಟೆ. ಬೆಳಗಾಗುವಷ್ಟರಲ್ಲಿ ಅವನ ಮೈಮೇಲೆ ಇರುವೆಗಳ ಮೆರವಣಿಗೆ. ನಮ್ಮ ಅಂಗಳದಲ್ಲಿ ಬಂದು ನಿಂತು, "ಲೇ ಕೊಳೆತ ಸೀಗಡಿ, ಆಚೆ ಬಾರೋ. ಎಲ್ಲೆಲ್ಲಿ ಕಚ್ಚಿವೆ ಅಂತ ಊರಿನ ಮುಂದೆ ತೋರಿಸ್ತೀನಿ" ಎಂದ. "ತೋರಿಸು ಬಾವ, ಊರಿಗೆ ಊಟ ಸೇರದ ಹಾಗಾಗಲಿ" ಎಂದೆ. ನಮ್ಮಲ್ಲಿ ಬಾವ ಇರುವುದೇ ಬೈಯುವುದಕ್ಕೆ, ಬೈಗುಳವೇ ಸಲಿಗೆ. ಚಡ್ಡಿ ಹಾಕದ ಕಾಲದಿಂದಲೂ ನಾವು ಒಬ್ಬರಿಗೊಬ್ಬರು ಒಂದು ಒಳ್ಳೆಯ ಮಾತಾಡಿದವರಲ್ಲ.

ನರ್ಸ್ ಬಳಿ ಮತ್ತೆ ಹೋದೆ. ಗೊಣಗುತ್ತಲೇ ಇನ್ನೊಂದು ಟ್ಯೂಬ್ ಕೊಟ್ಟಳು. "ಇರೋದು ಇದೊಂದೇ. ಇದನ್ನೂ ಹಂಚಿದ್ರೆ ನಿಮ್ಮದೂ ಹೋಗಲ್ಲ, ಅವರದೂ ಹೋಗಲ್ಲ. ಮೊಮ್ಮಗು ಬೇಕಾ, ಊರವರ ಹೊಗಳಿಕೆ ಬೇಕಾ, ನೀವೇ ನೋಡಿ."

ಅಂದು ಸಂಜೆಯೇ ತೋಮಾಸಿ ಬಂದ. ಚಾಪೆಯ ಮೇಲೆ ಕೂತು ನನ್ನ ಪಾಲಿನ ಮರಗೆಣಸನ್ನೂ ತಿಂದು ಮುಗಿಸಿದ. "ಬಾವ, ಆ ಹೊಸಾದು ಕೊಡು. ಈ ಸಲ ಹಾಲು ಬೇಡ."

ನಾನು ಸೂರು ನೋಡುತ್ತ, "ಕೊಡಲ್ಲ ಬಾವ. ಮಗು ಬರ್ಬೇಕು" ಎಂದೆ.

ಅವನು ಎದ್ದು ಹೋದ. ಹೋದರೆ ಹೋಗಲಿ ಬಿಡು.

ಕೆರೆತ ನಿಂತ ಮೇಲೂ ಬಿಡದೆ ಹಚ್ಚಿದೆ. ನಿನ್ನೆ ಮಾಕೆರೇಟಾ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಮೀನು ಕೊಳ್ಳುವವಳಂತೆ ತಿರುಗಿಸಿ ನೋಡಿದಳು. "ಇನ್ನು ಮಗೂನ ಎತ್ಕೊಳ್ಳಿ ತಾತ" ಎಂದಳು. ಮುಂದಿನ ಹಡಗಿಗೇ ಹೊರಟು ಬನ್ನಿ. ಸಮುದ್ರ ನಿಮ್ಮನ್ನು ಮೆಲ್ಲಗೆ ತರಲಿ, ದೇವರು ಮಗುವಿಗೆ ನನ್ನ ಆಯುಸ್ಸು ಕೊಡಲಿ, ಮೂಗು ನಿನ್ನದೇ ಇರಲಿ.

ಇಂತಿ ನಿನ್ನ ನುಣುಪು ಗಂಡ,
ಅಪೋರೋಸಾ

ಮರೆತಿದ್ದೆ: ತೋಮಾಸಿ ಈಗ ನನ್ನನ್ನು ಬೈಯುತ್ತಿಲ್ಲ. ಎಲ್ಲರೂ ಸೇರಿ ಕಾವಾ ಕುಡಿಯುವಲ್ಲಿಗೆ ಹೋದರೆ, "ಬನ್ನಿ ಅಪೋರೋಸಾ ಅವರೇ, ಕೂತ್ಕೊಳ್ಳಿ" ಎಂದು ಜಾಗ ಬಿಡುತ್ತಾನೆ. ಮೊನ್ನೆ ತಡೆಯಲಾರದೆ ಅವನ ಚಪ್ಪಲಿಯೊಳಗೆ ಏಡಿ ಬಿಟ್ಟೆ. ಅದನ್ನು ಮೆಲ್ಲಗೆ ಹಿಡಿದು ತಂದು, "ಇದು ನಿಮ್ಮದಿರಬೇಕು, ತಗೊಳ್ಳಿ" ಎಂದು ಕೈಗಿತ್ತು ಹೋದ. ಏಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ತೋರಿಕಾ. ಸುವಾದಿಂದ ಅದೇ ಮುಲಾಮಿನ ಒಂದು ಟ್ಯೂಬ್ ತಾ. ನಾನೇ ಒಯ್ದು ಅವನ ಮುಂದಿಡುತ್ತೇನೆ. ಅದನ್ನೆತ್ತಿ ನನ್ನ ಬೋಳುತಲೆಗೆ ಎಸೆದರೆ ಸಾಕು.