ಪಕ್ಕದ ಸೀಟಿನ ಬ್ರೇಕ್

ಜೂನ್ 3, ಸೋಮವಾರ

ಹಾಲು, ಮಾತ್ರೆ, ಶೇವಿಂಗ್, ಶರ್ಟು. ಇವರು ಗುಂಡಿ ಮೇಲೆಕೆಳಗೆ ಹಾಕಿಕೊಂಡಿದ್ದರು, ಬಿಚ್ಚಿ ಮತ್ತೆ ಹಾಕಿದೆ. ಆಮೇಲೆ ಕಾರು. ದಿನಾ ಒಂದು ಸುತ್ತು ಹೋಗದಿದ್ದರೆ ಮಧ್ಯಾಹ್ನವೆಲ್ಲ ಜೀವ ತಿನ್ನುತ್ತಾರೆ.

ನಾನು ಓಡಿಸುತ್ತಿದ್ದರೆ ಸಿಗ್ನಲ್ ಹತ್ತಿರ ಪಕ್ಕದಿಂದ ಮತ್ತೆ ಬ್ರೇಕ್ ಒತ್ತಿದರು. ಗಾಡಿ ಜಗ್ಗಿ ಆಫ್ ಆಯಿತು. ಹಿಂದಿನವನು ಹಾರ್ನ್ ಮೇಲೆ ಹಾರ್ನ್. ಡ್ರೈವಿಂಗ್ ಸ್ಕೂಲಿನ ಹಳೇ ಕಾರು ಇದು, ಪಕ್ಕದ ಸೀಟಿನ ಮುಂದೂ ಒಂದು ಬ್ರೇಕ್ ಇದೆ. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವರು ನನ್ನ ಗಂಡ. ಎಲ್ಲರ ಬಾಯಲ್ಲೂ ಮೇಷ್ಟ್ರು. ಈಗ ನನ್ನ ಬಾಯಲ್ಲೂ — "ರೀ" ಅಂದರೆ ತಿರುಗುವುದಿಲ್ಲ, "ಮೇಷ್ಟ್ರೇ" ಅಂದರೆ ತಿರುಗುತ್ತಾರೆ.

ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಬೈದ. "ಆ ಪೆಡಲ್ ಬಿಚ್ಚಿಸಿಬಿಡಿ ಅಕ್ಕ. ಯಾವತ್ತಾದ್ರೂ ಹಿಂದಿಂದ ಲಾರಿ ಬಂದು ಗುದ್ದುತ್ತೆ ನೋಡಿ."

ನೋಡೋಣ ಅಂದೆ. ಬಿಚ್ಚಿಸುವ ಮನಸ್ಸಿಲ್ಲ. ನನ್ನ ಹೆಸರು ಮರೆತವರು ಕೆಂಪು ದೀಪ ಮರೆತಿಲ್ಲ. ಅದೊಂದಾದರೂ ಇರಲಿ.

ಜೂನ್ 7, ಶುಕ್ರವಾರ

ದೊಡ್ಡಾಸ್ಪತ್ರೆ. ಇಷ್ಟು ದಿನ ನಮ್ಮ ಬೀದಿ ಕೊನೆಯ ಡಾಕ್ಟರೇ ನೋಡುತ್ತಿದ್ದರು. ಹೋದ ವರ್ಷ ಅಲ್‌ಝೈಮರ್ ಅಂತ ಕಾಯಿಲೆಗೆ ಹೆಸರು ಹೇಳಿದವರೂ ಅವರೇ. ಇನ್ನು ಸ್ಪೆಷಲಿಸ್ಟಿಗೆ ತೋರಿಸಮ್ಮ ಅಂದರು. ತೋರಿಸಿದೆ.

ಕೌಂಟರಿನ ಹುಡುಗಿ ಕಂಪ್ಯೂಟರ್ ಕುಟ್ಟಿ, "ಇವರ ಹಳೇ ಫೈಲ್ ಇದೆಯಲ್ಲ ಮೇಡಂ" ಅಂದಳು. ಬೇರೆ ಯಾರದೋ ಇರಬೇಕು ಅಂದೆ. ಇಲ್ಲ, ಇವರದೇ ಅಂದಳು. ಅವಳ ಜೊತೆ ವಾದ ಬೇರೆ ಮಾಡಿದೆ. ಸಾಲಿನಲ್ಲಿದ್ದವರೆಲ್ಲ ನೋಡಿದರು.

ಒಳಗೆ ಡಾಕ್ಟರಮ್ಮ ಮೆದುಳಿನ ಎರಡು ಸ್ಕ್ಯಾನ್ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು.

"ಇದು ಇವತ್ತಿಂದು. ಇದು ಮೂರು ವರ್ಷದ ಹಿಂದೆ ನಾವೇ ತೆಗೆದಿದ್ದು. ಆಗ್ಲೇ ಶುರುವಾಗಿತ್ತು. ಇವರಿಗೂ ಇವರ ತಂಗಿಗೂ ಎಲ್ಲಾ ಬಿಡಿಸಿ ಹೇಳಿದ್ದೆ. ನಿಮಗೆ ಹೇಳಿರ್ತಾರಲ್ಲ?"

"ಹೂಂ, ಹೇಳಿದ್ರು."

ಯಾಕೆ ಹಾಗಂದೆನೋ. ಮರ್ಯಾದೆ, ಇನ್ನೇನು. ಅವರು ಪಕ್ಕದಲ್ಲಿ ಪೇಪರ್‌ವೇಟ್ ತಿರುಗಿಸುತ್ತ ಕೂತಿದ್ದರು, ಯಾರದೋ ಮನೆ ವಿಷಯ ಅನ್ನುವ ಹಾಗೆ.

ಅದೇ ದಿನ, ಸಂಜೆ

ಆ ಹಳೇ ಸ್ಕ್ಯಾನ್ ಮಾರ್ಚಿನದು. ನಾನು ಅಂಗಡಿ ಕೆಲಸ ಬಿಟ್ಟಿದ್ದು ಅದೇ ವರ್ಷ ಜೂನಿನಲ್ಲಿ.

ಬಿಡಿಸಿದವರು ಯಾರು? "ಸಾಕು ಕಣೇ ದುಡಿದಿದ್ದು. ನಾನೂ ಸ್ಕೂಲ್ ಮುಚ್ತೀನಿ. ಇಬ್ಬರೂ ಕಾರಲ್ಲಿ ಸುತ್ತೋಣ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತ್ಕೋತೀನಿ." ಕನ್ನಡಕದಂಗಡಿ ಅಂದರೆ ನನಗೆ ಪ್ರಾಣ. ಕಡ್ಡಿ ಬಿಸಿ ಮಾಡಿ, ಕಿವಿ ಹಿಂದೆ ಒತ್ತದ ಹಾಗೆ ಬಗ್ಗಿಸಿ, ಮೂಗಿನ ಮೇಲೆ ಕೂರಿಸಿದರೆ ಗಿರಾಕಿ ಕನ್ನಡಿ ನೋಡಿ ನಗಬೇಕು. ನಾನು ಕೂರಿಸಿದ ಫ್ರೇಮ್ ಮತ್ತೆ ರಿಪೇರಿಗೆ ಬಂದಿದ್ದೇ ಕಡಿಮೆ. ಅದನ್ನು ಬಿಟ್ಟೆ. ಈ ವಯಸ್ಸಿನಲ್ಲಿ ಕ್ಲಚ್ಚು ಗೇರು ಕಲಿತೆ. ಗಂಡನಿಗೆ ಈಗ ಪ್ರೀತಿ ಉಕ್ಕಿದೆ ಅಂತ ಅಂಗಡಿಯವರೆಲ್ಲ ರೇಗಿಸಿದರು. ನಾಚಿಕೊಂಡೆ ಬೇರೆ, ಕತ್ತೆ.

ಸ್ಕ್ಯಾನ್ ಮೊದಲು. ಪ್ರೀತಿ ಆಮೇಲೆ.

ಡ್ರೈವರ್ ಬೇಕಿತ್ತು, ಆಯಾ ಬೇಕಿತ್ತು. ಇಬ್ಬರನ್ನೂ ಮನೆಯಲ್ಲೇ ತಯಾರು ಮಾಡಿಕೊಂಡರು. ಸುತ್ತಿದ್ದು ಅಂದರೆ ಒಂದೇ ಒಂದು ಸಲ, ಸಮುದ್ರಕ್ಕೆ. ಅಲ್ಲಿ ಲಾಡ್ಜಿನಲ್ಲಿ ನಮ್ಮ ರೂಮು ಅಂತ ಯಾರದೋ ಬಾಗಿಲು ಬಡಿದು, ತಮಾಷೆಗೆ ಮಾಡಿದೆ ಅಂತ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಹೊಟ್ಟೆ ಉರಿಯುತ್ತಿದೆ.

ಜೂನ್ 8, ಶನಿವಾರ

ಕೂಗಾಡಿದೆ. ಪಕ್ಕದ ಮನೆಯವರಿಗೆ ಕೇಳಿದರೆ ಕೇಳಲಿ ಅಂತ. "ಯಾಕ್ರೀ ಹೇಳ್ಲಿಲ್ಲ? ನಾನೇನು ಬೀದೀಲಿ ಹೋಗೋಳಾ? ತಂಗಿಗೆ ಹೇಳಿದ್ರಿ, ನನಗೆ ಯಾಕೆ ಮೋಸ ಮಾಡಿದ್ರಿ?"

ಪೂರ್ತಿ ಕೇಳಿಸಿಕೊಂಡರು. ಮುಖ ಚಿಕ್ಕದಾಯಿತು. ಎದ್ದು ಬಂದು ಒಂದು ಲೋಟ ನೀರು ಕೊಟ್ಟರು.

"ಅಳ್ಬೇಡಿ ಮೇಡಂ. ಯಾರು ನಿಮಗೆ ಮೋಸ ಮಾಡಿದ್ದು? ಹೆಸರು ಹೇಳಿ, ನಾನು ಮಾತಾಡ್ತೀನಿ ಅವನ ಹತ್ರ."

ಜಗಳ ಆಡೋಣವೆಂದರೆ ಆ ಮನುಷ್ಯನೇ ಮನೆಯಲ್ಲಿಲ್ಲ. ನೀರು ಕುಡಿದೆ. ಅಡುಗೆಗೆ ಎದ್ದೆ.

ಜೂನ್ 9, ಭಾನುವಾರ

ನಾದಿನಿ ಬಂದಳು, ಹಣ್ಣಿನ ಚೀಲದ ಸಮೇತ. ಚೀಲ ಕೆಳಗಿಡಲೂ ಬಿಡಲಿಲ್ಲ, ಕೇಳಿದೆ.

"ಅತ್ತಿಗೆ… ಅಣ್ಣ ನನ್ನ ಕೈ ಹಿಡ್ಕೊಂಡು ಮಾತು ತಗೊಂಡಿದ್ದ. ನಾನೇನು ಮಾಡ್ಲಿ?"

"ಮೂರು ವರ್ಷ ನನ್ನ ಎದುರಿಗೇ ಕೂತು ಕಾಫಿ ಕುಡಿದ್ಯಲ್ಲೇ."

"ನಿಮಗೆ ನೋವಾಗ್ಬಾರ್ದು ಅಂತ…"

"ನೋವಾಗ್ಬಾರ್ದು ಅಂತ ಕೆಲಸ ಬಿಡಿಸಿದ್ರಾ? ನನ್ನ ಬೀಳ್ಕೊಡುಗೆಗೆ ನೀನೇ ಕೇಕ್ ತಂದಿದ್ದೆ."

ಅಳತೊಡಗಿದಳು. ನನಗೆ ಒಂದು ಚೂರೂ ಕರುಣೆ ಬರಲಿಲ್ಲ.

"ಗುಟ್ಟು ಇಟ್ಕೊಂಡಿದ್ಯಲ್ಲ, ಇನ್ನು ಅಣ್ಣನನ್ನೂ ಇಟ್ಕೋ. ವಾರಕ್ಕೆ ಎರಡು ದಿನ, ಹಗಲು ಹೊತ್ತು. ನಾನು ಅಂಗಡಿಗೆ ವಾಪಸ್ ಹೋಗ್ತೀನಿ."

"ನೋಡ್ತೀನಿ ಅತ್ತಿಗೆ."

ಈ ಮನೆಯವರ "ನೋಡ್ತೀನಿ" ಅಂದರೆ ಏನು ಅಂತ ನನಗೆ ಗೊತ್ತು. ಹಣ್ಣು ಮುಟ್ಟಲಿಲ್ಲ. ಅವರು ಮಾತ್ರ ಒಂದಾದಮೇಲೊಂದು ತಿಂದರು.

ಜೂನ್ 20, ಗುರುವಾರ

ಊಟ, ಮಾತ್ರೆ ಎಲ್ಲ ಹೊತ್ತಿಗೆ ಸರಿಯಾಗಿ. ಮಾತು ಬಿಟ್ಟಿದ್ದೇನೆ. ಬಿಟ್ಟಿರುವುದು ಅವರಿಗೆ ಗೊತ್ತೇ ಆಗಿಲ್ಲ…

ಇವತ್ತು ಆಟದ ಮೈದಾನದ ಪಕ್ಕ ಕಾರು ನಿಲ್ಲಿಸಿದೆ. ಅವರ ಲೆಕ್ಕದಲ್ಲಿ ನಾನೀಗ ಗಾಡಿ ಕಲಿಯಲು ಬಂದವಳು. ಆಗಲಿ ಅಂತ ಅದೇ ದನಿಯಲ್ಲಿ ಕೇಳಿದೆ. ಇದೂ ಮೋಸವೇ. ಇರಲಿ.

"ಮೇಷ್ಟ್ರೇ, ನಿಮ್ಮ ಕಾಯಿಲೆ ವಿಷಯ ಮನೆಯವರಿಗೆ ಗೊತ್ತಾ?"

ಕಿಟಕಿ ಆಚೆ ನೋಡಿದರು. ದನಿ ತಗ್ಗಿಸಿದರು. "ಗೊತ್ತಿಲ್ಲ. ಹೇಳ್ಬೇಡಿ ಮೇಡಂ."

"ಯಾಕೆ? ಬಿಟ್ಟು ಹೋಗ್ತಾರೆ ಅಂತಾನಾ?"

"ಛೇ ಛೇ. ಅವಳು ಹೋಗೋಳಲ್ಲ. ಗೊತ್ತಾದ್ರೆ ಕೆಲಸ ಬಿಡಲ್ಲ. ಆಸ್ಪತ್ರೆಗೆ ಬೇಕಾಗುತ್ತೆ ಅಂತ ಇನ್ನೂ ಜಾಸ್ತಿ ದುಡೀತಾಳೆ. ಹಗಲೆಲ್ಲಾ ಮನೇಲಿ ನಾನೊಬ್ನೇ… ಭಯ ಮೇಡಂ." ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂತು, "ಇಂಡಿಕೇಟರ್ ಹಾಕಿ. ಕನ್ನಡಿ ನೋಡಿ. ಹೊರಡೋಣ."

ಭಯ ಅಂತ ನನಗೆ ಹೇಳಬಹುದಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವಳಿಗೆ ಹೇಳದ್ದನ್ನು ಯಾವಳೋ ಎಲ್ ಬೋರ್ಡಿನವಳಿಗೆ ಹೇಳುತ್ತಾರೆ. ಆ ಎಲ್ ಬೋರ್ಡಿನವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಜೂನ್ 26, ಬುಧವಾರ

ಅಂಗಡಿ ಯಜಮಾನರಿಗೆ ಫೋನ್ ಮಾಡಿದೆ. "ಬನ್ನಮ್ಮ, ನೀವು ಹೋದಮೇಲೆ ಫ್ರೇಮ್‌ಗಳೆಲ್ಲಾ ಗಿರಾಕಿಗಳ ಮೂಗಿಂದ ಜಾರ್ತಿವೆ" ಅಂದರು. ನಗು ಬಂತು. ಎಷ್ಟು ದಿನವಾಗಿತ್ತೋ. ಮಂಗಳವಾರ, ಗುರುವಾರ.

ನಾದಿನಿಯೂ ಒಪ್ಪಿದಳು. ನಾಚಿಕೆಗೆ ಒಪ್ಪಿದ್ದು, ಪ್ರೀತಿಗಲ್ಲ. ಯಾವುದಕ್ಕಾದರೂ ಸರಿ.

ಜುಲೈ 2, ಮಂಗಳವಾರ, ಸಂಜೆ

ಬೆಳಿಗ್ಗೆ ನಾದಿನಿ ಬೀದಿಯ ತಿರುವಿನ ತನಕ ಎಲ್ಲ ಸರಿ ಇತ್ತು. ಅಲ್ಲಿ ಬ್ರೇಕ್ ಒತ್ತಿದರು. ಗಾಡಿ ಆಫ್. ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಕಾಲು ತೆಗೆಯಲೊಲ್ಲರು. ಒತ್ತಿಯೇ ಹಿಡಿದಿದ್ದರು.

"ಕಾಲು ತೆಗೀರಿ ಮೇಷ್ಟ್ರೇ."

"ಬೇಡ. ಅಲ್ಲಿ ಬಿಟ್ಟು ಹೋಗ್ತೀರ ನೀವು."

ಹೇಗೆ ತಿಳಿಯಿತೋ. ಅಂಗಡಿ ತೆರೆಯುವ ಹೊತ್ತಾಗಿತ್ತು. ಮೊದಲ ದಿನವೇ ತಡ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.

"ನಿಮ್ಮ ಹೆಂಡತಿ ಒಳಗೆ ಕಾಯ್ತಿದಾರೆ."

ಮುಖ ಅರಳಿತು. ಹಾಗೆ ಅರಳಿದ್ದು ನೋಡಿ ಎಷ್ಟು ಕಾಲವಾಯಿತು. ತಲೆ ಕೂದಲು ಸರಿಮಾಡಿಕೊಂಡರು. ಕಾಲು ತೆಗೆದರು.

ಗೇಟಿನ ಬಳಿ ಇಳಿಸಿ ತಿರುಗಿ ನೋಡದೆ ಬಂದೆ. ಅಂಗಡಿಯಲ್ಲಿ ಕೈ ಏನೂ ಮರೆತಿಲ್ಲ. ಮಧ್ಯಾಹ್ನದ ಹೊತ್ತಿಗೆ, ನಿಜ ಹೇಳಬೇಕೆಂದರೆ, ಅವರ ನೆನಪೇ ಇರಲಿಲ್ಲ.

ಸಂಜೆ ಹೋದರೆ ಗೇಟಿಗೆ ಅಂಟಿಕೊಂಡು ನಿಂತಿದ್ದರು. ಊಟ ಮಾಡಿದ್ದು ನೆನಪಿಲ್ಲ. ತಂಗಿ ಯಾರೆಂದು ಗೊತ್ತಿಲ್ಲ. ಬೆಳಗಿನಿಂದ ಒಳಗೆ ಕೂರಲೇ ಇಲ್ಲವಂತೆ, ಒಂದೊಂದು ರೂಮನ್ನೂ ಹುಡುಕಿದರಂತೆ. ಕಾರು ಹತ್ತಿದರು. ಸಿಗ್ನಲ್ ಕೆಂಪಿಗೆ ತಿರುಗಿದರೂ ಬ್ರೇಕ್ ಮುಟ್ಟಲಿಲ್ಲ.

"ಅವಳು ಒಳಗಿರ್ಲಿಲ್ಲ" ಅಂದರು.

"ಯಾರು?"

"ನೀವು ನನಗೆ ಸುಳ್ಳು ಹೇಳಿದ್ರಿ."

ನನ್ನ ಹೆಸರು ಮರೆತವರು. ನನ್ನ ಮುಖ ಮರೆತವರು. ಮಾಡಿದ ಮೋಸ ಪೂರ್ತಿ ಮರೆತು ಹಗುರಾಗಿ ಕೂತವರು. ಇದನ್ನು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಜೋಪಾನವಾಗಿ ನೆನಪಿಟ್ಟುಕೊಂಡಿದ್ದಾರೆ. ಸುಳ್ಳು ಮೊದಲು ಹೇಳಿದ್ದು ನೀವು, ಅನ್ನಬೇಕೆನಿಸಿತು. ಯಾರಿಗೆ ಅನ್ನಲಿ.

ಜುಲೈ 4, ಗುರುವಾರ, ಅಂಗಡಿಯಲ್ಲಿ ಊಟದ ಹೊತ್ತು

ಮತ್ತೆ ಅದೇ ತಿರುವು. ಅದೇ ಕಾಲು, ಬ್ರೇಕಿನ ಮೇಲೆ. ಸಿಟ್ಟಿನ ಗುರುತೂ ಇಲ್ಲ ಮುಖದಲ್ಲಿ, ಮಂಗಳವಾರ ಅಳಿಸಿಹೋಗಿದೆ. ಭಯ ಮಾತ್ರ ಹಾಗೇ ಇದೆ.

"ನಾನ್ ಇಲ್ಲೇ ಇದೀನಲ್ರೀ" ಅಂದೆ. "ನೋಡಿ ನನ್ನ. ನಾನೇ ನಿಮ್ಮ ಹೆಂಡತಿ."

ನೋಡಿದರು. ನಿಧಾನವಾಗಿ, ಕಣ್ಣು ಕಿರಿದು ಮಾಡಿ. ತಲೆಯಾಡಿಸಿದರು. "ತಮಾಷೆ ಮಾಡ್ಬೇಡಿ ಮೇಡಂ."

ಹಿಂದೆ ಹಾರ್ನ್. ಗಡಿಯಾರ ನೋಡಿದೆ. ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ.

"ಮೇಷ್ಟ್ರೇ" ಅಂದೆ. "ಒಳಗೆ ನಿಮ್ಮ ಹೆಂಡತಿ ಕಾಯ್ತಿದಾರೆ." ಕಾಲು ತೆಗೆದರು.