ಪ್ಲಾಸ್ಟಿಕ್ ಹೊದಿಸಿದ ಯಂತ್ರ

ಕಲ್ಯಾಣದುರ್ಗ, ಗುರುವಾರ

ರುದ್ರೇಶ್ ಅವರೇ,

ಸೋಮವಾರದ ಪಠ್ಯಕ್ರಮ ಸಭೆಗೆ ನಾನು ಹಿಂದೂಪುರಕ್ಕೆ ಬರುವುದಿಲ್ಲ. ನಮ್ಮ ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿನಿ ಶಿವರಂಜನಿಯನ್ನು ಇಲ್ಲಿಯ ಆಸ್ಪತ್ರೆಯಲ್ಲಿ ನೋಡಿದೆ. ತರಬೇತಿಗೆ ಹೋದ ಹಳ್ಳಿಯಲ್ಲಿ ಕಡಲೆಕಾಯಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಬಲಗೈಯ ನಾಲ್ಕು ಬೆರಳು ಹೋಗಿವೆ.

"ಸ್ವಿಚ್ ಆಫ್ ಮಾಡ್ಬುಟ್ಟಿದ್ದೆ ಸಾರ್. ಆಮೇಲೂ ತಿರುಗ್ತದೆ ಅಂತ ಗೊತ್ತಿರ್ಲಿಲ್ಲ," ಎಂದಳು.

ಆ ಯಂತ್ರದ ಚಕ್ರದ ವೇಗದ ಲೆಕ್ಕಕ್ಕೆ ಅವಳಿಗೆ ಪೂರ್ಣ ಅಂಕ ಕೊಟ್ಟವನು ನಾನು. ನಮ್ಮ ಲ್ಯಾಬಿನ ಯಂತ್ರವನ್ನು ತಪಾಸಣೆಯವರಿಗೆ ತೋರಿಸಲೆಂದು ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇವೆ, ಒಮ್ಮೆಯೂ ಓಡಿಸಿಲ್ಲ. ನೋಡದ ಪ್ರಯೋಗಕ್ಕೆ ವಿದ್ಯಾರ್ಥಿಗಳು ರೆಕಾರ್ಡ್ ಬರೆದರು, ನಾನು ಸಹಿ ಹಾಕಿದೆ.

ಹೊಸ ಕರಡಿನಲ್ಲಿ ಪ್ರಯೋಗದ ಗಂಟೆಗಳನ್ನು ಇನ್ನಷ್ಟು ಕಡಿತ ಮಾಡಿದ್ದೇವೆ. ಆ ಕರಡಿನಿಂದ ನನ್ನ ಹೆಸರು ತೆಗೆಯಿರಿ.

ಮುಂದಿನ ತಿಂಗಳ ಪರೀಕ್ಷೆಗೆ, ಅವಳು ಹೇಳಿದ್ದನ್ನು ಬರೆದುಕೊಡುವವರೊಬ್ಬರು ಬೇಕು. ಅವಳು ಕೇಳಿದ್ದು ಅದೊಂದನ್ನೇ.

ಇಂತು,
ಜಯಚಂದ್ರ